ವಾಕ್ಯದ ಎಲ್ಲೆಯೊಳಗೆ ನಿಲ್ಲುವ ವಿದ್ಯೆ

ಡಿಸೆಂಬರ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ 2 ಗಂಟೆಗೆ ಆರಂಭವಾಗಿ 4 ಗಂಟೆಗೆ ಮುಗಿದುಹೋಗುವ ಒಂದು ಪರೀಕ್ಷೆ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳನ್ನು ಸೇರಬಯಸುವ ಸಹಸ್ರಾರು ತರುಣ ತರುಣಿಯರ ಮುಂದಿನ ಐದು ವರ್ಷಗಳ ವಿದ್ಯಾಭ್ಯಾಸವನ್ನೂ, ಬಹುಮಟ್ಟಿಗೆ ಅವರ ಜೀವನವೃತ್ತಿಯನ್ನೂ ನಿರ್ಣಯಿಸುತ್ತದೆ. ಎಲ್ಲರೂ ‘ಕ್ಲಾಟ್’ ಎಂದು ಕರೆಯುವ ಈ ಸಾಮಾನ್ಯ ಕಾನೂನು ಪ್ರವೇಶ ಪರೀಕ್ಷೆಯ ವಿಷಯವಾಗಿ ನಮ್ಮ ಮನೆಗಳಲ್ಲಿ ಬೇರೂರಿರುವ ಅಭಿಪ್ರಾಯವೇನೆಂದರೆ, ಕಾಯಿದೆಯ ಕಲಮುಗಳನ್ನೂ, ಲ್ಯಾಟಿನ್ ಸೂತ್ರಗಳನ್ನೂ, ಸಾಮಾನ್ಯಜ್ಞಾನದ ದಪ್ಪ ಗೈಡುಗಳನ್ನೂ ಯಾರು ಹೆಚ್ಚು ಕಂಠಸ್ಥ ಮಾಡಿಕೊಂಡಿರುವರೋ ಅವರಿಗೆ ಅಲ್ಲಿ ಜಯ ಎಂಬುದು. ಒಂದು ಕಾಲಕ್ಕೆ ಈ ಅಭಿಪ್ರಾಯದಲ್ಲಿ ತಥ್ಯಾಂಶವಿದ್ದಿತು. ಈಗ ಪರೀಕ್ಷೆಯ ಸ್ವರೂಪವೇ ಬೇರೆಯಾಗಿದೆ. ಎದುರಿಗಿರುವ ಒಂದು ಗದ್ಯಭಾಗವನ್ನು ಸಾವಧಾನವಾಗಿ ಓದಿ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಹೇಳಿದ್ದಕ್ಕೆ ಯಾವ ಆಧಾರವನ್ನು ಕೊಡುತ್ತದೆ ಎಂಬ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಬುದ್ಧಿಯನ್ನು ಈ ಪರೀಕ್ಷೆ ಅರಸುತ್ತಿದೆ. ಇಂಥ ಬುದ್ಧಿ ದಿನದಿನದ ಓದಿನಿಂದ, ಸ್ವಲ್ಪಸ್ವಲ್ಪವಾಗಿ, ಒಂದು ಶಿಸ್ತಿನಲ್ಲಿ ಬೆಳೆಯತಕ್ಕದ್ದು. ಆ ಶಿಸ್ತಿನ ಸ್ವರೂಪವೇನು, ಅದನ್ನು ಸಂಪಾದಿಸುವ ಬಗೆ ಹೇಗೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಪರೀಕ್ಷೆಯ ಪೂರ್ವೋತ್ತರ

ಈ ವೃತ್ತಾಂತದ ಆರಂಭ ನಮ್ಮ ಬೆಂಗಳೂರಿನಲ್ಲಿಯೇ ಇದೆ. 1986ರಲ್ಲಿ ಕರ್ನಾಟಕದ ವಿಧಾನಮಂಡಲ ಅಂಗೀಕರಿಸಿದ ಅಧಿನಿಯಮದ ಮೂಲಕ ಭಾರತ ರಾಷ್ಟ್ರೀಯ ಕಾನೂನು ಶಾಲೆ ರೂಪುಗೊಂಡಿತು, ಎನ್. ಆರ್. ಮಾಧವ ಮೆನನ್ ಅವರು ಅದರ ಸ್ಥಾಪಕ ನಿರ್ದೇಶಕರಾದರು. ನಾಗರಭಾವಿಯ ಈ ವಿದ್ಯಾಸಂಸ್ಥೆಯ ಮಾದರಿಯನ್ನು ಹಿಡಿದು ಹೈದರಾಬಾದು, ಭೋಪಾಲ, ಕೋಲ್ಕತ್ತ, ಜೋಧಪುರ, ರಾಯಪುರ, ಗಾಂಧಿನಗರಗಳಲ್ಲಿ ಕಾನೂನು ವಿಶ್ವವಿದ್ಯಾಲಯಗಳು ಒಂದರ ಹಿಂದೊಂದು ಹುಟ್ಟಿದುವು. ಒಂದೊಂದು ಕಡೆಯೂ ಒಂದೊಂದು ಪ್ರವೇಶ ಪರೀಕ್ಷೆ ಇದ್ದುದರಿಂದ ವಿದ್ಯಾರ್ಥಿಗಳು ಅನುಭವಿಸುತ್ತಿದ್ದ ಅಲೆದಾಟವೂ ವೆಚ್ಚವೂ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಕಡೆಗೆ ಏಳು ವಿಶ್ವವಿದ್ಯಾಲಯಗಳು ಒಡಂಬಟ್ಟು 2008ರಲ್ಲಿ ಮೊದಲ ಬಾರಿಗೆ ಒಂದೇ ಪರೀಕ್ಷೆಯನ್ನು ನಡೆಸಿದುವು. ಇಂದು 20ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಅದರಲ್ಲಿ ಸೇರಿವೆ. ಅವುಗಳ ಒಕ್ಕೂಟ 2017ರಲ್ಲಿ ಏರ್ಪಟ್ಟಿತು.

ದೊಡ್ಡ ಪರಿವರ್ತನೆ ಬಂದುದು 2020ರಲ್ಲಿ. ಅದುವರೆಗೆ 200 ಬಿಡಿ ಪ್ರಶ್ನೆಗಳಿದ್ದ ಪತ್ರಿಕೆಯನ್ನು ತೆಗೆದುಹಾಕಿ, ಸುಮಾರು 450 ಪದಗಳ ಗದ್ಯಭಾಗಗಳನ್ನು ಕೊಟ್ಟು, ಒಂದೊಂದರ ಕೆಳಗೂ ಕೆಲವು ಪ್ರಶ್ನೆಗಳನ್ನು ಜೋಡಿಸುವ ಕ್ರಮ ಜಾರಿಗೆ ಬಂದಿತು. ಮೊದಲು 150ರಷ್ಟಿದ್ದ ಪ್ರಶ್ನೆಗಳ ಸಂಖ್ಯೆ 2024ರ ಪ್ರವೇಶದಿಂದ 120ಕ್ಕೆ ಇಳಿದಿದೆ. ಕಾಲಾವಕಾಶ 120 ನಿಮಿಷ. ಕಾನೂನು ತರ್ಕಕ್ಕೆ 28ರಿಂದ 32, ಪ್ರಚಲಿತ ವಿದ್ಯಮಾನಗಳಿಗೆ ಅಷ್ಟೇ, ಇಂಗ್ಲಿಷ್ ಭಾಷೆಗೆ 22ರಿಂದ 26, ತಾರ್ಕಿಕ ವಿವೇಚನೆಗೆ ಅಷ್ಟೇ, ಗಣಿತಕ್ಕೆ 10ರಿಂದ 14 ಪ್ರಶ್ನೆಗಳು ಸಲ್ಲುತ್ತವೆ. ಸರಿಯುತ್ತರಕ್ಕೆ 1 ಅಂಕ, ತಪ್ಪುತ್ತರಕ್ಕೆ 0.25 ಅಂಕದ ಕಡಿತ. ಈ ಲೆಕ್ಕವನ್ನು ಗಮನಿಸಿದರೆ ಪತ್ರಿಕೆಯ ಮೂರರಲ್ಲಿ ಎರಡು ಪಾಲು ಶುದ್ಧವಾಗಿ ಓದು ಮತ್ತು ತರ್ಕಗಳ ಮೇಲೆ ನಿಂತಿರುವುದು ಕಾಣುತ್ತದೆ. ಪ್ರಚಲಿತ ವಿದ್ಯಮಾನಗಳ ಭಾಗಕ್ಕೆ ಹೊರಗಿನ ತಿಳಿವಳಿಕೆ ಬೇಕಾದರೂ, ವರ್ಷವಿಡೀ ದಿನಪತ್ರಿಕೆ ಓದಿದವರಿಗೆ ಅದು ಪ್ರತ್ಯೇಕ ಹೊರೆಯಾಗುವುದಿಲ್ಲ. ಅಮೆರಿಕದಲ್ಲಿ 1948ರಿಂದ ನಡೆದುಬಂದಿರುವ ‘ಎಲ್‌ಸ್ಯಾಟ್’ ಪರೀಕ್ಷೆಯೂ ಬಹುಕಾಲ ಪ್ರಸಿದ್ಧವಾಗಿದ್ದ ತನ್ನ ತರ್ಕದ ಒಗಟುಗಳ ಭಾಗವನ್ನು 2024ರ ಆಗಸ್ಟ್‌ನಿಂದ ಕೈಬಿಟ್ಟು, ವಾದವನ್ನು ಪರೀಕ್ಷಿಸುವ ಮತ್ತು ಗದ್ಯವನ್ನು ಗ್ರಹಿಸುವ ಎರಡು ಬಗೆಯ ಪ್ರಶ್ನೆಗಳನ್ನೇ ಉಳಿಸಿಕೊಂಡಿದೆ. ಹೀಗೆ ದೂರದೂರದ ಎರಡು ದೇಶಗಳ ಪರೀಕ್ಷೆಗಳೂ ಗದ್ಯದ ಓದಿಗೂ ವಾದದ ಪರಿಶೀಲನೆಗೂ ಪ್ರಾಶಸ್ತ್ಯ ಕೊಟ್ಟಿರುವುದು ಗಮನಾರ್ಹ.

ತಾತ್ಪರ್ಯವನ್ನು ಹಿಡಿಯುವುದು ಹೇಗೆ?

ಗದ್ಯಭಾಗವೊಂದನ್ನು ಓದಿದ ಮೇಲೆ ಕೇಳುವ ಪ್ರಶ್ನೆಗಳಲ್ಲಿ ಪ್ರಧಾನವಾದುದು, ಲೇಖಕನ ಮುಖ್ಯಾಭಿಪ್ರಾಯ ಯಾವುದು ಎಂಬುದು. ಕೇಳುವುದಕ್ಕೆ ಸರಳವಾಗಿ ತೋರುವ ಈ ಪ್ರಶ್ನೆಯಲ್ಲಿಯೇ ಅನೇಕರು ಎಡವುತ್ತಾರೆ. ಕಾರಣ, ಗದ್ಯದಲ್ಲಿ ಬಂದ ಪ್ರತಿಯೊಂದು ಮಾತನ್ನೂ ಅವರು ಲೇಖಕನ ಮಾತೆಂದೇ ಭಾವಿಸುವುದು. ಗಂಭೀರವಾದ ಬರಹಗಳಲ್ಲಿ ಅನೇಕವೇಳೆ ಪೂರ್ವಪಕ್ಷವೊಂದು, ಅಂದರೆ ಲೇಖಕ ಒಪ್ಪದ ಎದುರು ವಾದವೊಂದು, ಇರುತ್ತದೆ. ಲೇಖಕ ಅದನ್ನು ನ್ಯಾಯವಾಗಿ ನಿರೂಪಿಸಿ, ಅನಂತರ ‘ಆದರೆ’ ಎಂದು ತಿರುಗಿ, ತನ್ನ ಸಿದ್ಧಾಂತವನ್ನು ಹೇಳುತ್ತಾನೆ. ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ತಿಳಿದವನು ನಾಲ್ಕು ಉತ್ತರಗಳಲ್ಲಿ ಅತ್ಯಂತ ಆಕರ್ಷಕವಾಗಿ ಕಾಣುವ ತಪ್ಪುತ್ತರವನ್ನು ಆರಿಸುತ್ತಾನೆ.

ನಮ್ಮ ಹಿರಿಯರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿದ್ದರು. ಗ್ರಂಥವೊಂದರ ತಾತ್ಪರ್ಯ ಯಾವುದೆಂದು ನಿಶ್ಚಯಿಸುವುದಕ್ಕೆ ಮೀಮಾಂಸಾ ಪರಂಪರೆ ಆರು ಲಕ್ಷಣಗಳನ್ನು ಕೊಟ್ಟಿದೆ: ಉಪಕ್ರಮ ಮತ್ತು ಉಪಸಂಹಾರಗಳ ಹೊಂದಾಣಿಕೆ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ವೇದವಾಕ್ಯಗಳ ಅರ್ಥನಿರ್ಣಯಕ್ಕಾಗಿ ಏರ್ಪಟ್ಟ ಈ ಆರು ಸಾಧನಗಳು ಇಂದಿನ ಪತ್ರಿಕಾಲೇಖನವನ್ನು ಓದುವುದಕ್ಕೂ ಅಷ್ಟೇ ಉಪಯುಕ್ತವಾಗಿವೆ. ವಿಚಾರಣಾಧೀನ ಕೈದಿಗಳನ್ನು ಕುರಿತ ಒಂದು ಗದ್ಯಭಾಗವನ್ನು ಕಲ್ಪಿಸಿಕೊಳ್ಳೋಣ. ಅಪರಾಧ ಸಿದ್ಧವಾಗದೆ ವರ್ಷಗಟ್ಟಲೆ ಸೆರೆಯಲ್ಲಿರುವ ಬಡವರ ದುಃಸ್ಥಿತಿಯಿಂದ ಅದು ಆರಂಭವಾಗುತ್ತದೆ. ಜಾಮೀನು ಸುಲಭವಾದರೆ ಆರೋಪಿಗಳು ತಲೆತಪ್ಪಿಸಿಕೊಳ್ಳುವರೆಂಬ ಪೊಲೀಸರ ವಾದ ನಡುವೆ ಬರುತ್ತದೆ. ತ್ವರಿತ ವಿಚಾರಣೆ ಸಂವಿಧಾನದ 21ನೆಯ ಅನುಚ್ಛೇದದ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಹೇಳಿದ್ದರ ಉಲ್ಲೇಖ ಅದರ ಹಿಂದೆಯೇ ಬರುತ್ತದೆ. ಹಣದ ಜಾಮೀನಿಗೆ ಬದಲಾಗಿ ಆರೋಪಿಗೆ ಊರಿನಲ್ಲಿರುವ ಸಂಬಂಧಗಳನ್ನು ನ್ಯಾಯಾಧೀಶರು ಪರಿಗಣಿಸಬೇಕೆಂಬ ಸಲಹೆಯೊಡನೆ ಗದ್ಯ ಮುಗಿಯುತ್ತದೆ.

ಇಲ್ಲಿ ಉಪಕ್ರಮದ, ಅಂದರೆ ಆರಂಭದ, ವಿಷಯವೂ ಉಪಸಂಹಾರದ ವಿಷಯವೂ ಬಡವನ ಬಿಡುಗಡೆ. ನಡುವೆ ಬಂದ ಪೊಲೀಸರ ವಾದ ಪೂರ್ವಪಕ್ಷ. ಮತ್ತೆ ಮತ್ತೆ ಬರುವ ಮಾತು, ಅಂದರೆ ಅಭ್ಯಾಸ, ಹಣವಿಲ್ಲದವನಿಗೆ ಜಾಮೀನೂ ಇಲ್ಲ ಎಂಬುದು. ಗದ್ಯ ತನ್ನದಾಗಿ ಮುಂದಿಡುವ ಅಪೂರ್ವವಾದ ಅಂಶ, ಊರಿನ ಸಂಬಂಧಗಳೇ ಜಾಮೀನಾಗಬಹುದು ಎಂಬುದು. ಫಲ, ಸೆರೆಮನೆಯ ದಟ್ಟಣೆ ತಗ್ಗುವುದು. ಕೈದಿಯ ಕುಟುಂಬದ ಕರುಣಾಜನಕ ವರ್ಣನೆ ಅರ್ಥವಾದ. ಅದು ಮುಖ್ಯವಿಷಯಕ್ಕೆ ಪೋಷಕವೇ ಹೊರತು ಮುಖ್ಯವಿಷಯ ತಾನಲ್ಲ. 1979ರ ತೀರ್ಪು ಉಪಪತ್ತಿ, ಅಂದರೆ ವಾದಕ್ಕೆ ಕೊಟ್ಟ ಆಧಾರ. ಹೀಗೆ ಆರು ಕಡೆಯಿಂದ ನೋಡಿದವನಿಗೆ, ‘ಭಾರತದ ಸೆರೆಮನೆಗಳ ಸ್ಥಿತಿ ಶೋಚನೀಯವಾಗಿದೆ’ ಎಂಬ ಉತ್ತರ ಸತ್ಯವಾಗಿದ್ದರೂ ಮುಖ್ಯಾಭಿಪ್ರಾಯವಲ್ಲವೆಂದೂ, ‘ಜಾಮೀನಿನ ನಿರ್ಧಾರದಲ್ಲಿ ಹಣಕ್ಕಿಂತ ಸಾಮಾಜಿಕ ಸಂಬಂಧಗಳಿಗೆ ಪ್ರಾಶಸ್ತ್ಯವಿರಬೇಕು’ ಎಂಬುದೇ ಲೇಖಕನ ಸಿದ್ಧಾಂತವೆಂದೂ ಸ್ಪಷ್ಟವಾಗುತ್ತದೆ.

ಪರೀಕ್ಷೆಯ ಕೊಠಡಿಯಲ್ಲಿ ಕುಳಿತು ಈ ಆರು ಹೆಸರುಗಳನ್ನು ಜಪಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ಅದಕ್ಕೆ ಅಲ್ಲಿ ಕಾಲವೂ ಇರುವುದಿಲ್ಲ. ಮನೆಯಲ್ಲಿ ದಿನಕ್ಕೊಂದು ಲೇಖನವನ್ನು ಈ ರೀತಿಯಲ್ಲಿ ಬಿಡಿಸಿ ನೋಡಿದರೆ, ಕೆಲವು ತಿಂಗಳಲ್ಲಿ ಕಣ್ಣು ತಾನಾಗಿಯೇ ಪೂರ್ವಪಕ್ಷ ಎಲ್ಲಿ ಮುಗಿಯಿತು, ಸಿದ್ಧಾಂತ ಎಲ್ಲಿ ತೊಡಗಿತು ಎಂಬುದನ್ನು ಗುರುತಿಸತೊಡಗುತ್ತದೆ.

ಸತ್ಯವಾದ ಉತ್ತರವೂ ತಪ್ಪಾಗುವ ಬಗೆ

ಕಾನೂನು ತರ್ಕದ ಭಾಗದಲ್ಲಿ ವಿದ್ಯಾರ್ಥಿಗಳಿಗೆ ಅತ್ಯಂತ ಕಷ್ಟವಾಗುವ ಪಾಠವೊಂದಿದೆ. ಅದನ್ನು ಒಂದು ಉದಾಹರಣೆಯ ಮೂಲಕವೇ ಹೇಳುವುದು ಲೇಸು. ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ ರೈಲಂಡ್ಸ್ ಎಂಬಾತ ತನ್ನ ಗಿರಣಿಗಾಗಿ ಕಟ್ಟಿಸಿದ ಜಲಾಶಯದ ನೀರು, ಭೂಮಿಯೊಳಗಿನ ಹಳೆಯ ಗಣಿಯ ಸುರಂಗಗಳ ಮೂಲಕ ನುಗ್ಗಿ, ಪಕ್ಕದ ಫ್ಲೆಚರನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ರೈಲಂಡ್ಸನ ಅಲಕ್ಷ್ಯವೇನೂ ಕಾಣಲಿಲ್ಲ. ಆದರೂ 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನನ್ನೇ ಹೊಣೆಗಾರನನ್ನಾಗಿ ಮಾಡಿತು. ಅಪಾಯಕರವಾದ ವಸ್ತುವನ್ನು ತನ್ನ ಭೂಮಿಯಲ್ಲಿ ತಂದು ಕೂಡಿಟ್ಟವನು, ಅದು ಹೊರಬಿದ್ದು ಹಾನಿಮಾಡಿದರೆ, ತನ್ನ ಅಲಕ್ಷ್ಯವಿಲ್ಲದಿದ್ದರೂ ಹೊಣೆ ಹೊರಬೇಕು ಎಂಬುದು ಅಲ್ಲಿಂದ ಬಂದ ನಿಯಮ. ದೈವಕೃತ ವಿಪತ್ತು, ಮೂರನೆಯವನ ಕೃತ್ಯ ಮುಂತಾದ ಕೆಲವು ವಿನಾಯಿತಿಗಳು ಆ ನಿಯಮಕ್ಕೆ ಉಂಟು. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ, ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿದ್ದ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ 1986ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯಕರ ಉದ್ಯಮ ನಡೆಸುವವರಿಗೆ ಆ ವಿನಾಯಿತಿಗಳೂ ಸಲ್ಲವೆಂದು ಸಾರಿತು.

ಈಗ ಒಂದು ಗದ್ಯಭಾಗ 1868ರ ನಿಯಮವನ್ನೂ ಅದರ ವಿನಾಯಿತಿಗಳನ್ನೂ ಮಾತ್ರ ವಿವರಿಸಿ, ಕೆಳಗೆ ಈ ಸಂಗತಿಯನ್ನು ಕೊಡುತ್ತದೆ ಎಂದಿಟ್ಟುಕೊಳ್ಳೋಣ: ಕಾರ್ಖಾನೆಯೊಂದರ ತೊಟ್ಟಿಯಲ್ಲಿ ಆಮ್ಲವಿದೆ, ಆ ಪ್ರದೇಶ ಹಿಂದೆಂದೂ ಕಾಣದ ಭೂಕಂಪವಾಗಿ ತೊಟ್ಟಿ ಬಿರಿಯುತ್ತದೆ, ಆಮ್ಲ ಹರಿದು ನೆರೆಯವನ ಅಡಕೆತೋಟ ಹಾಳಾಗುತ್ತದೆ. ಮಾಲೀಕ ಹೊಣೆಯೇ? ಕೊಟ್ಟ ಉತ್ತರಗಳು ನಾಲ್ಕು. ಅಪಾಯಕರ ಉದ್ಯಮಕ್ಕೆ ವಿನಾಯಿತಿಯೇ ಇಲ್ಲವಾದ್ದರಿಂದ ಹೊಣೆ ಎಂಬುದು ಒಂದು. ನಿರಪರಾಧಿಯಾದ ತೋಟಗಾರ ಜೀವನೋಪಾಯವನ್ನೇ ಕಳೆದುಕೊಂಡಿರುವುದರಿಂದ ಹೊಣೆ ಎಂಬುದು ಎರಡು. ಮಾಲೀಕನ ಅಲಕ್ಷ್ಯವಿಲ್ಲದುದರಿಂದ ಹೊಣೆಯಲ್ಲ ಎಂಬುದು ಮೂರು. ದೈವಕೃತ ವಿಪತ್ತಿನಿಂದ ಆದುದರಿಂದ ಹೊಣೆಯಲ್ಲ ಎಂಬುದು ನಾಲ್ಕು.

ಈ ಪರೀಕ್ಷೆಗೆ ಸಿದ್ಧಳಾಗುತ್ತಿದ್ದ ನನ್ನ ತಂಗಿಯ ಮಗಳು ಇಂಥದೇ ಪ್ರಶ್ನೆಗೆ ಮೊದಲನೆಯ ಉತ್ತರವನ್ನು ಗುರುತು ಹಾಕಿಕೊಂಡು ಬಂದಿದ್ದಳು. “ಮಾವ, ದೆಹಲಿ ಕೇಸಿನ ತೀರ್ಪು ನಮ್ಮ ದೇಶದ ಕಾನೂನೇ ತಾನೆ? ಮತ್ತೆ ಇದು ಹ್ಯಾಗೆ ತಪ್ಪಾಗತ್ತೆ?” ಎಂದು ಕೇಳಿದಳು. “ನಮ್ಮ ದೇಶದ ಕಾನೂನೇ ಕಣಮ್ಮ. ಆದರೆ ಈ ಗದ್ಯ ಅದನ್ನ ನಿನ್ನ ಕೈಗೆ ಕೊಟ್ಟಿದೆಯೇ, ಇನ್ನೊಂದು ಸಲ ಓದಿ ನೋಡು” ಎಂದೆ. ಅವಳು ಮತ್ತೆ ಓದಿದಳು; ಗದ್ಯದಲ್ಲಿ ಎಲ್ಲಿಯೂ ಆ ಮಾತಿರಲಿಲ್ಲ. “ಹಾಗಾದರೆ ಮೂರನೇದೂ ತಪ್ಪು ಮಾವ, ಅಲಕ್ಷ್ಯ ಇದ್ದರೂ ಇಲ್ಲದಿದ್ದರೂ ಒಂದೇ ಅಂತ ಮೊದಲನೇ ಸಾಲಿನಲ್ಲೇ ಬರೆದಿದಾರೆ” ಎಂದು ತಾನಾಗಿಯೇ ಹೇಳಿ, ನಾಲ್ಕನೆಯದಕ್ಕೆ ಬಂದಳು.

ಆ ನಾಲ್ಕು ಉತ್ತರಗಳಲ್ಲಿ ಈ ಭಾಗದ ತಪ್ಪುಗಳ ವಂಶವೃಕ್ಷವೇ ಅಡಗಿದೆ. ಮೊದಲನೆಯದು ಲೋಕದಲ್ಲಿ ಸತ್ಯ, ಗದ್ಯದಲ್ಲಿ ಅನುಕ್ತ. ಎರಡನೆಯದು ಹೃದಯಕ್ಕೆ ಹಿತ, ನಿಯಮಕ್ಕೆ ಅಪ್ರಸ್ತುತ. ಮೂರನೆಯದರಲ್ಲಿ ತೀರ್ಮಾನ ಸರಿ, ಕಾರಣ ತಪ್ಪು. ಈ ಪರೀಕ್ಷೆಯಲ್ಲಿ ಕಾರಣ ತಪ್ಪಾದರೆ ಉತ್ತರವೂ ನಿಲ್ಲುವುದಿಲ್ಲ. ನಾಲ್ಕನೆಯದು ಮಾತ್ರ ಕೊಟ್ಟ ನಿಯಮದಿಂದ ಕೊಟ್ಟ ಸಂಗತಿಗೆ ನೇರವಾಗಿ ನಡೆಯುತ್ತದೆ. ಮುಂದಿನ ಪ್ರಶ್ನೆಯಲ್ಲಿ ಪರೀಕ್ಷಕರು 1986ರ ನಿಯಮವನ್ನು ಸೇರಿಸಿ ‘ಈಗ ಉತ್ತರವೇನು?’ ಎಂದು ಕೇಳಿದರೆ, ಅದೇ ಸಂಗತಿಗೆ ಅದೇ ವಿದ್ಯಾರ್ಥಿ ಹೊಣೆಯುಂಟೆಂದೇ ಉತ್ತರಿಸಬೇಕು. ಈ ಭಾಗಕ್ಕೆ ಕಾನೂನಿನ ಪೂರ್ವಜ್ಞಾನ ಆವಶ್ಯಕವಲ್ಲವೆಂದು ಒಕ್ಕೂಟ ಹೇಳುವುದರ ಅರ್ಥ ಇದೇ. ಪೂರ್ವಜ್ಞಾನವಿದ್ದರೆ ಗದ್ಯ ಬೇಗ ತಿಳಿಯುತ್ತದೆ. ಆದರೆ ಗದ್ಯದ ಸ್ಥಾನದಲ್ಲಿ ಅದು ಕುಳಿತುಕೊಳ್ಳಲಾಗದು.

ಕಾಲದ ಎಲ್ಲೆಯೂ ಇದೇ ರೀತಿಯದು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದಲ್ಲಿಯೇ ಹುಟ್ಟಿದುದು. ಮೀರತ್‌ನ ವಿದ್ಯಾರ್ಥಿನಿಯೊಬ್ಬರು ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದನ್ನು ಸೇರಬಯಸಿದಾಗ, ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದ ಶುಲ್ಕ, ಹೊರರಾಜ್ಯದವರಿಗೆ ಸರ್ಕಾರದ ಅಧಿಸೂಚನೆಯ ಮೇರೆಗೆ 60,000 ರೂಪಾಯಿಯವರೆಗೆ ಆಗಬಹುದಾಗಿತ್ತು. ನ್ಯಾಯಾಲಯ ಕ್ಯಾಪಿಟೇಷನ್ ಶುಲ್ಕವನ್ನು ಖಂಡಿಸಿ, ವಿದ್ಯೆಯ ಹಕ್ಕು ಜೀವಿಸುವ ಹಕ್ಕಿನಿಂದಲೇ ಹರಿದುಬರುತ್ತದೆಂದೂ, ಅದು ಎಲ್ಲ ಹಂತದ ವಿದ್ಯೆಗೂ ಅನ್ವಯಿಸುತ್ತದೆಂದೂ ಹೇಳಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ದೊಡ್ಡ ಪೀಠ ಆ ಮಾತನ್ನು ಸಂಕೋಚಗೊಳಿಸಿ, ಉಚಿತ ವಿದ್ಯೆಯ ಹಕ್ಕು 14 ವರ್ಷ ವಯಸ್ಸಿನವರೆಗೆ ಮಾತ್ರವೆಂದೂ, ಅನಂತರದ್ದು ರಾಜ್ಯದ ಆರ್ಥಿಕ ಶಕ್ತಿಗೆ ಒಳಪಟ್ಟುದೆಂದೂ ತೀರ್ಮಾನಿಸಿತು. 2002ರ ತಿದ್ದುಪಡಿಯಿಂದ ವಿದ್ಯೆಯ ಹಕ್ಕನ್ನು ಹೇಳುವ 21ಎ ಅನುಚ್ಛೇದ ಸಂವಿಧಾನವನ್ನು ಸೇರಿತು. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಗದ್ಯಭಾಗ 1992ರ ತೀರ್ಪಿನಿಂದ ಮಾತ್ರ ತೆಗೆದುದಾದರೆ, ಅದರ ಕೆಳಗಿನ ಪ್ರಶ್ನೆಗೆ 1992ರೊಳಗೆ ನಿಂತೇ ಉತ್ತರಿಸಬೇಕು. ಮುಂದಿನ ಇತಿಹಾಸವನ್ನು ಬಲ್ಲವನು ಅದನ್ನು ಆ ಕ್ಷಣಕ್ಕೆ ಪಕ್ಕಕ್ಕಿಡುವ ಸಂಯಮವನ್ನೂ ಬಲ್ಲವನಾಗಿರಬೇಕು.

ಹೊಗೆಯಿಂದ ಬೆಂಕಿಗೆ

ತಾರ್ಕಿಕ ವಿವೇಚನೆಯ ಭಾಗದಲ್ಲಿ ಒಂದು ವಾದವನ್ನು ಕೊಟ್ಟು, ಅದರ ತೀರ್ಮಾನ ಯಾವುದು, ಅದು ಹೇಳದೆ ಒಪ್ಪಿಕೊಂಡಿರುವ ಊಹೆ ಯಾವುದು, ಯಾವ ಹೊಸ ಸಂಗತಿ ಅದನ್ನು ಬಲಪಡಿಸುತ್ತದೆ, ಯಾವುದು ದುರ್ಬಲಗೊಳಿಸುತ್ತದೆ ಎಂದು ಕೇಳುತ್ತಾರೆ. ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಪರ್ವತದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ; ಹೊಗೆಯಿರುವುದರಿಂದ ಎಂಬುದು ಹೇತು; ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿರುವಂತೆ, ಎಂಬುದು ಉದಾಹರಣೆ; ಈ ಪರ್ವತವೂ ಹಾಗೆ ಹೊಗೆಯುಳ್ಳದ್ದು ಎಂಬುದು ಉಪನಯ; ಆದುದರಿಂದ ಬೆಂಕಿಯಿದೆ ಎಂಬುದು ನಿಗಮನ. ವಾದದ ಜೀವ ಇರುವುದು ನಡುವಿನ ವ್ಯಾಪ್ತಿಯಲ್ಲಿ, ಅಂದರೆ ಹೊಗೆಗೂ ಬೆಂಕಿಗೂ ಇರುವ ತಪ್ಪದ ಸಂಬಂಧದಲ್ಲಿ. ಪತ್ರಿಕೆಯ ವಾದಗಳಲ್ಲಿ ಪ್ರತಿಜ್ಞೆಯೂ ಹೇತುವೂ ಎದ್ದುಕಾಣುತ್ತವೆ. ವ್ಯಾಪ್ತಿ ಮಾತ್ರ ಅನೇಕವೇಳೆ ಬಾಯಿಬಿಟ್ಟು ಹೇಳದೆ ಉಳಿದಿರುತ್ತದೆ. ಹೇಳದೆ ಉಳಿದ ಆ ಕೊಂಡಿಯನ್ನೇ ಪರೀಕ್ಷಕರು ‘ಊಹೆ’ ಎಂದು ಕೇಳುವುದು.

ಒಂದು ಊರಿನಲ್ಲಿ ಹೆಲ್ಮೆಟ್ ಕಡ್ಡಾಯವಾದ ವರ್ಷ ಅಪಘಾತದ ಸಾವುಗಳು ಕಡಿಮೆಯಾದುವು. ಆದುದರಿಂದ ಆ ಆಜ್ಞೆಯೇ ಪ್ರಾಣಗಳನ್ನು ಉಳಿಸಿತು ಎಂಬ ವಾದವನ್ನು ತೆಗೆದುಕೊಳ್ಳೋಣ. ಅದೇ ವರ್ಷ ಬೇರೆ ಯಾವ ಕಾರಣದಿಂದಲೂ ಸಾವು ಕಡಿಮೆಯಾಗಿಲ್ಲ ಎಂಬ ಊಹೆ ಇದರಲ್ಲಿ ಅಡಗಿದೆ. ಆ ವರ್ಷವೇ ಊರಿನ ಹೊರಗೆ ಬೈಪಾಸ್ ರಸ್ತೆ ತೆರೆದು ಲಾರಿಗಳ ಓಡಾಟ ಅತ್ತ ತಿರುಗಿತ್ತೆಂದು ತಿಳಿದುಬಂದರೆ ವಾದ ದುರ್ಬಲವಾಗುತ್ತದೆ. ಲಾರಿಗಳ ಸಂಖ್ಯೆ ಮೊದಲಿನಷ್ಟೇ ಇದ್ದು, ತಲೆಗೆ ಪೆಟ್ಟಾಗಿ ಸತ್ತವರ ಸಂಖ್ಯೆ ಮಾತ್ರ ಇಳಿದಿತ್ತೆಂದು ತಿಳಿದರೆ ಬಲವಾಗುತ್ತದೆ. ದುರ್ಬಲಗೊಳಿಸುವುದೆಂದರೆ ತೀರ್ಮಾನವನ್ನು ಸುಳ್ಳೆಂದು ಸಾಧಿಸುವುದಲ್ಲ. ಹೇತುವಿನಿಂದ ನಿಗಮನಕ್ಕೆ ಹೋಗುವ ದಾರಿಯಲ್ಲಿ ಒಂದು ಸಂದೇಹವನ್ನು ನಿಲ್ಲಿಸುವುದು. ಈ ವ್ಯತ್ಯಾಸವನ್ನು ಮರೆತವರು, ವಾದಕ್ಕೆ ಸಂಬಂಧವಿಲ್ಲದ ಬೇರೊಂದು ದೊಡ್ಡ ಸತ್ಯವನ್ನು ಉತ್ತರವೆಂದು ಆರಿಸುತ್ತಾರೆ.

ಇನ್ನೊಂದು ಸಾಮಾನ್ಯ ದೋಷ, ವ್ಯಾಪ್ತಿಯನ್ನು ತಿರುವುಮುರುವು ಮಾಡುವುದು. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂದ ಮಾತ್ರಕ್ಕೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದಾಗುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ ಎಂದು ತಾರ್ಕಿಕರು ಶತಮಾನಗಳಿಂದ ಪಾಠಹೇಳುತ್ತ ಬಂದಿದ್ದಾರೆ. ಇದನ್ನೇ ಸಂವಿಧಾನದ ಭಾಷೆಯಲ್ಲಿ ಹೇಳುವುದಾದರೆ, ಲೋಕಸಭೆಯ ಸದಸ್ಯನಾಗಬೇಕಾದವನಿಗೆ ಕನಿಷ್ಠ 25 ವರ್ಷ ವಯಸ್ಸಾಗಿರಬೇಕು; ಆದರೆ 25 ವರ್ಷ ತುಂಬಿದವರೆಲ್ಲರೂ ಲೋಕಸಭಾ ಸದಸ್ಯರಾಗುವುದಿಲ್ಲ. ವಯಸ್ಸು ಇಲ್ಲಿ ಆವಶ್ಯಕ ನಿಬಂಧನೆ; ಪರ್ಯಾಪ್ತ, ಅಂದರೆ ಅದೊಂದೇ ಸಾಕಾಗುವ, ನಿಬಂಧನೆಯಲ್ಲ. ‘ಎಲ್ಲ’, ‘ಕೆಲವು’, ‘ಮಾತ್ರ’, ‘ಹೊರತು’, ‘ಸಾಮಾನ್ಯವಾಗಿ’ ಎಂಬ ಸಣ್ಣ ಮಾತುಗಳ ಮೇಲೆ ಬೆರಳಿಟ್ಟು ಓದುವ ಅಭ್ಯಾಸವಿರುವವರು ಈ ದೋಷಕ್ಕೆ ಸಿಕ್ಕುವುದು ಅಪರೂಪ. ಗದ್ಯ ‘ಕೆಲವು’ ಎಂದಿರುವಲ್ಲಿ ಉತ್ತರ ‘ಎಲ್ಲ’ ಎಂದರೆ, ಉಳಿದ ಮಾತುಗಳು ಎಷ್ಟೇ ಸೊಗಸಾಗಿದ್ದರೂ ಆ ಉತ್ತರ ತ್ಯಾಜ್ಯ.

ಕನ್ನಡದ ವಿದ್ಯಾರ್ಥಿ

ಈ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಹತ್ತನೆಯ ತರಗತಿಯವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೂ, ನಗರದ ಇಂಗ್ಲಿಷ್ ಶಾಲೆಯಲ್ಲಿ ಬೆಳೆದ ಹುಡುಗನಿಗೂ 450 ಪದಗಳ ಅದೇ ಗದ್ಯ, ಅದೇ ನಿಮಿಷಗಳು. ಇದು ಸಮವಾದ ಸ್ಪರ್ಧೆಯೆಂದು ಹೇಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮುಂದೆ ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡದ ಸಾಕ್ಷಿಗಳನ್ನು ಪಾಟೀಸವಾಲು ಮಾಡಬೇಕಾದ ವಕೀಲರನ್ನು ಆರಿಸುವಾಗ, ಕನ್ನಡದಲ್ಲಿ ಯೋಚಿಸಬಲ್ಲ ಬುದ್ಧಿಯನ್ನು ಹೊರಗಿಡುವ ಏರ್ಪಾಡು ಪುನರ್ವಿಮರ್ಶೆಗೆ ಅರ್ಹವಾದುದು. ಆದರೆ ಏರ್ಪಾಡು ಬದಲಾಗುವವರೆಗೆ ನಮ್ಮ ಮಕ್ಕಳು ಕೈಕಟ್ಟಿ ಕೂರಬೇಕಾಗಿಲ್ಲ.

ತರ್ಕಶಕ್ತಿ ಯಾವ ಭಾಷೆಯಲ್ಲಿ ಬೆಳೆದರೂ ಇನ್ನೊಂದು ಭಾಷೆಯಲ್ಲಿ ಬಹುಮಟ್ಟಿಗೆ ನೆರವಿಗೆ ಬರುತ್ತದೆ. ಬರುವುದಕ್ಕೆ ಹೆಚ್ಚು ತಡವಾಗುವುದು ಶಬ್ದಸಂಪತ್ತು. ಆದುದರಿಂದ ಇಂಗ್ಲಿಷ್ ಸಂಪಾದಕೀಯವೊಂದನ್ನು ದಿನಕ್ಕೊಮ್ಮೆ ಓದಿ, ಪತ್ರಿಕೆಯನ್ನು ಮಡಿಸಿಟ್ಟು, ಅದರ ಸಾರವನ್ನು ಮೂರು ಕನ್ನಡ ವಾಕ್ಯಗಳಲ್ಲಿ ಬರೆಯುವ ಅಭ್ಯಾಸ ಅತ್ಯುತ್ತಮವಾದುದು. ಮೊದಲನೆಯ ವಾಕ್ಯದಲ್ಲಿ ಲೇಖಕನ ಸಿದ್ಧಾಂತ, ಎರಡನೆಯದರಲ್ಲಿ ಅದಕ್ಕೆ ಅವನು ಕೊಟ್ಟ ಕಾರಣ, ಮೂರನೆಯದರಲ್ಲಿ ಅವನು ಉತ್ತರಿಸಿದ ಅಥವಾ ಉತ್ತರಿಸದೆ ಬಿಟ್ಟ ಆಕ್ಷೇಪ. ತಾಯ್ನುಡಿಯಲ್ಲಿ ಹೇಳಲು ಬಾರದಿದ್ದರೆ ಇಂಗ್ಲಿಷಿನಲ್ಲಿ ಓದಿದ್ದು ತಿಳಿದಿಲ್ಲವೆಂದೇ ಅರ್ಥ. ಸರ್ವೋಚ್ಚ ನ್ಯಾಯಾಲಯ 2019ರಿಂದ ತನ್ನ ಕೆಲವು ತೀರ್ಪುಗಳ ಕನ್ನಡ ಅನುವಾದಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತಿದೆ. ಸಂವಿಧಾನವೂ ಕನ್ನಡದಲ್ಲಿ ದೊರೆಯುತ್ತದೆ. ಒಂದೇ ತೀರ್ಪನ್ನು ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ಓದಿದ ವಿದ್ಯಾರ್ಥಿಗೆ ಕಾನೂನಿನ ವಾಕ್ಯರಚನೆಯ ಭಯ ಬಹಳಮಟ್ಟಿಗೆ ಕಳೆಯುತ್ತದೆ.

ಕಾನೂನಿನ ಗ್ರಂಥವನ್ನು ಕೂಲಂಕಷವಾಗಿ ಓದುವ ವಿದ್ಯೆ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ, ಬಂಗಾಳ ಮತ್ತು ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ದಾಯವಿಭಾಗದ ಪ್ರಮಾಣಗ್ರಂಥವಾಯಿತು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ವಿಜ್ಞಾನೇಶ್ವರ ಹೇಳಿದ. ತಂದೆಯ ಸ್ವಾಮ್ಯ ಅಳಿದ ಮೇಲೆಯೇ ಬರುತ್ತದೆಂದು ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಹೇಳಿದ. ಇಬ್ಬರ ಮುಂದೆಯೂ ಇದ್ದುದು ಅವೇ ಸ್ಮೃತಿವಾಕ್ಯಗಳು. ಓದಿನ ಕ್ರಮ ಬೇರೆಯಾದುದರಿಂದ ಲಕ್ಷಾಂತರ ಕುಟುಂಬಗಳ ಆಸ್ತಿಯ ಹಂಚಿಕೆಯೇ ಎರಡು ದಾರಿ ಹಿಡಿಯಿತು. ಒಂದು ವಾಕ್ಯವನ್ನು ಹೇಗೆ ಓದುತ್ತೇವೆಂಬುದು ಎಷ್ಟು ಗುರುತರವಾದ ವಿಷಯವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಅಭ್ಯಾಸದ ಕ್ರಮ

ಇನ್ನು ಕಾರ್ಯಕ್ರಮದ ಮಾತು. ಪಿಯುಸಿ ಮೊದಲ ವರ್ಷದಲ್ಲಿಯೇ ಓದಿನ ಅಭ್ಯಾಸವನ್ನು ತೊಡಗುವುದು ಶ್ರೇಯಸ್ಕರ. ಆಗ ವೇಗದ ಚಿಂತೆ ಬೇಡ. ಸರಿಯಾಗಿ ಓದುವುದನ್ನು ಕಲಿತವನಿಗೆ ವೇಗ ಬರುತ್ತದೆ. ವೇಗವನ್ನು ಮೊದಲು ಕಲಿತವನಿಗೆ ಸರಿಯಾಗಿ ಓದುವುದು ಬರುವ ಭರವಸೆಯಿಲ್ಲ. ಅರ್ಧ ವರ್ಷ ಕಳೆದ ಮೇಲೆ ಗಡಿಯಾರವನ್ನು ಮುಂದಿಟ್ಟುಕೊಂಡು ಒಂದೊಂದು ಗದ್ಯವನ್ನೂ ಅದರ ಐದಾರು ಪ್ರಶ್ನೆಗಳನ್ನೂ ಬಿಡಿಸಬಹುದು. ಕಡೆಯ ಮೂರು ನಾಲ್ಕು ತಿಂಗಳಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು. ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳಿಗಿಂತ ಉತ್ತಮವಾದ ಮಾದರಿ ಇಲ್ಲ. ಅವುಗಳಲ್ಲಿಯೂ 2020ರ ಈಚಿನವು ಮುಖ್ಯ.

ಮಾದರಿ ಪರೀಕ್ಷೆ ಬರೆಯುವುದಕ್ಕಿಂತ ಹೆಚ್ಚಿನ ಹೊತ್ತನ್ನು ಅದರ ತಪ್ಪುಗಳ ಪರಿಶೀಲನೆಗೆ ಕೊಡಬೇಕು. ಒಂದು ನೋಟುಪುಸ್ತಕದಲ್ಲಿ, ತಪ್ಪಿದ ಪ್ರತಿಯೊಂದು ಪ್ರಶ್ನೆಯ ಮುಂದೆ ತಪ್ಪಿನ ಜಾತಿಯನ್ನು ಬರೆದಿಡುವುದು ಒಳ್ಳೆಯದು: ಹೊರಗಿನ ಜ್ಞಾನವನ್ನು ತಂದದ್ದು, ಪೂರ್ವಪಕ್ಷವನ್ನು ಸಿದ್ಧಾಂತವೆಂದದ್ದು, ‘ಕೆಲವು’ ಎಂಬುದನ್ನು ‘ಎಲ್ಲ’ವೆಂದದ್ದು, ವ್ಯಾಪ್ತಿಯನ್ನು ತಿರುಗಿಸಿದ್ದು, ತೀರ್ಮಾನ ಸರಿಯಾಗಿ ಕಾರಣ ತಪ್ಪಿದ್ದು. ಹತ್ತಾರು ಪತ್ರಿಕೆಗಳ ಅನಂತರ ಆ ಪುಸ್ತಕವನ್ನು ತಿರುವಿದರೆ, ತಪ್ಪುಗಳು ನಾನಾ ಬಗೆಯವಲ್ಲವೆಂದೂ, ಎರಡು ಮೂರು ಜಾತಿಯವೇ ಮರಳಿ ಮರಳಿ ಬರುತ್ತಿವೆಯೆಂದೂ ವಿದ್ಯಾರ್ಥಿಗೆ ಗೋಚರವಾಗುತ್ತದೆ. ಅವನ ಮುಂದಿನ ಶ್ರಮವೆಲ್ಲ ಅಲ್ಲಿಗೇ ಸಲ್ಲಬೇಕು.

ಅಂಕದ ಕಡಿತದ ಭಯವೂ ಲೆಕ್ಕಾಚಾರದಿಂದ ಪರಿಹಾರವಾಗುವಂಥದು. ನಾಲ್ಕು ಉತ್ತರಗಳಿರುವ 16 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರ ಗುರುತಿಸಿದರೆ, ಸರಾಸರಿಯಲ್ಲಿ 4 ಸರಿಯಾಗಿ 4 ಅಂಕ ಬರುತ್ತದೆ, 12 ತಪ್ಪಾಗಿ 3 ಅಂಕ ಹೋಗುತ್ತದೆ, ಉಳಿಯುವುದು 1. ಅದೇ 16ರಲ್ಲಿ ಪ್ರತಿಸಲವೂ ಎರಡು ಉತ್ತರಗಳನ್ನು ವಿಚಾರಪೂರ್ವಕವಾಗಿ ತಳ್ಳಿಹಾಕಿ, ಉಳಿದೆರಡರಲ್ಲಿ ಒಂದನ್ನು ಆರಿಸಿದರೆ 8 ಸರಿ, 8 ತಪ್ಪು, ಉಳಿಯುವುದು 6. ಗೊತ್ತಿಲ್ಲದ ಪ್ರಶ್ನೆಯಲ್ಲಿಯೂ ತಪ್ಪುತ್ತರವನ್ನು ತಪ್ಪೆಂದು ಗುರುತಿಸಬಲ್ಲವನಿಗೆ ಎಷ್ಟು ಲಾಭವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಸರಿಯುತ್ತರವನ್ನು ಹುಡುಕುವುದರ ಜೊತೆಗೆ, ಉಳಿದ ಮೂರು ಏಕೆ ಸಲ್ಲವೆಂದು ಒಂದೊಂದು ಕಾರಣ ಹೇಳುವ ಅಭ್ಯಾಸವನ್ನು ಮನೆಯಲ್ಲಿಯೇ ಮಾಡಿಕೊಳ್ಳತಕ್ಕದ್ದು. ಕೋಚಿಂಗ್ ತರಗತಿಗೆ ಹೋಗುವ ಅನುಕೂಲವಿರುವವರು ಹೋಗಲಿ. ಅಲ್ಲಿ ಸಿಕ್ಕುವ ಪ್ರಶ್ನೆಗಳೂ ಸಹಪಾಠಿಗಳ ಚರ್ಚೆಯೂ ಪ್ರಯೋಜನಕರವೇ. ಆದರೆ ಇಲ್ಲಿ ಹೇಳಿದ ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ಒಂದು ದಿನಪತ್ರಿಕೆ, ಹಳೆಯ ಪ್ರಶ್ನಪತ್ರಿಕೆಗಳು, ಒಂದು ನೋಟುಪುಸ್ತಕ. ಇವು ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಕುಳಿತವನಿಗೂ ಸಿಕ್ಕುವಂಥವು.

ಈ ಶ್ರಮದ ಫಲ ಪರೀಕ್ಷೆಯೊಡನೆ ಮುಗಿಯುವುದಿಲ್ಲವೆಂಬುದೇ ನಾನು ಒತ್ತಿಹೇಳಬೇಕಾದ ಮಾತು. ಸೀಟುಗಳು ಕೆಲವೇ ಸಾವಿರ. ಯೋಗ್ಯರಾದವರೆಲ್ಲರಿಗೂ ಅವು ದೊರೆಯುವುದಿಲ್ಲ. ಆದರೆ ಬರೆದುದನ್ನು ಬರೆದಂತೆ ಓದುವ, ಇಲ್ಲದ ಅರ್ಥವನ್ನು ತುಂಬದ, ಎದುರಾಳಿಯ ವಾದವನ್ನು ನ್ಯಾಯವಾಗಿ ತಿಳಿದುಕೊಂಡ ಮೇಲೆಯೇ ಉತ್ತರ ಹೇಳುವ ಬುದ್ಧಿ, ಜಮೀನಿನ ಕ್ರಯಪತ್ರವನ್ನು ಓದಬೇಕಾದ ರೈತನ ಮಗನಿಗೂ, ಸರ್ಕಾರಿ ಆದೇಶವನ್ನು ಪ್ರಶ್ನಿಸಬೇಕಾದ ಪಂಚಾಯಿತಿ ಸದಸ್ಯೆಗೂ, ಸುದ್ದಿಯನ್ನೂ ವದಂತಿಯನ್ನೂ ಬೇರ್ಪಡಿಸಬೇಕಾದ ಪ್ರತಿಯೊಬ್ಬ ಮತದಾರನಿಗೂ ಬೇಕಾದುದು. ಪರೀಕ್ಷೆಯೊಂದರ ನೆವದಿಂದ ಹದಿನೇಳು ಹದಿನೆಂಟರ ವಯಸ್ಸಿನವರು ಈ ವಿದ್ಯೆಯನ್ನು ಸಂಪಾದಿಸುವುದಾದರೆ, ಅದಕ್ಕೆ ಅವರ ತಂದೆತಾಯಿಗಳೂ ಅಧ್ಯಾಪಕರೂ ಸಮಯವನ್ನೂ ಸಹನೆಯನ್ನೂ ಕೊಡಬೇಕು. ಸಿದ್ಧತೆಯನ್ನು ಇಂದೇ ತೊಡಗಬೇಕೆನ್ನುವ ವಿದ್ಯಾರ್ಥಿ, ಇಂದಿನ ಪತ್ರಿಕೆಯ ಒಂದು ಲೇಖನವನ್ನು ತೆಗೆದುಕೊಂಡು, ಇದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಯಾವ ಆಧಾರದ ಮೇಲೆ ಹೇಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಮೂರು ವಾಕ್ಯಗಳಲ್ಲಿ ಉತ್ತರ ಬರೆಯಲಿ. ನಾಳೆ ಇನ್ನೊಂದು ಲೇಖನ.